ಬಡವರನ್ನಿಡಲು ಕಟ್ಟಿದ ಮನೆ

ನಾನು ಬೆಳೆದದ್ದು ಬಡವರ ಮನೆಯಲ್ಲಿ. ನಾವು ಬಡವರಾಗಿದ್ದೆವು ಎಂದು ಹೇಳುತ್ತಿಲ್ಲ, ಆಗ ಹೆಚ್ಚುಕಡಿಮೆ ಹಾಗೇ ಇದ್ದೆವಾದರೂ. ಬಡವರನ್ನು ಇಡುವುದಕ್ಕೆಂದೇ ಯಾರೋ ಪುಣ್ಯಾತ್ಮರು ಹಿಂದೆಂದೋ ಕಟ್ಟಿಸಿದ ಮನೆ ಅದು. ಅಡಿಲೇಡಿನ ಕಿಲ್ಬರ್ನಿನಲ್ಲಿ, ರೈಲು ಹಳಿಯ ಆಚೆ, ಗೋದಾಮುಗಳೂ ಗ್ಯಾರೇಜುಗಳೂ ಮುಗಿದು ಮನೆಗಳು ಶುರುವಾಗುವ ಕಡೆ ಇತ್ತು. ಕೆಂಪು ಇಟ್ಟಿಗೆಯ ಉದ್ದನೆಯ ಎರಡಂತಸ್ತಿನ ಕಟ್ಟಡ. ಎಡಕ್ಕೆ ಗಂಡಸರ ಕೋಣೆಗಳು, ಬಲಕ್ಕೆ ಹೆಂಗಸರ ಕೋಣೆಗಳು, ನಡುವೆ ಊಟದ ಹಾಲ್, ಹಿಂದೆ ಬಟ್ಟೆ ಒಗೆಯುವ ದೊಡ್ಡ ಶೆಡ್. ನಾವು ಹೋಗುವ ಹೊತ್ತಿಗೆ ಅದಕ್ಕೆ ‘ಲಾಡ್ಜ್’ ಎಂಬ ಹೆಸರಿಟ್ಟು, ಬೋರ್ಡಿನ ಮೇಲೊಂದು ಹೂವಿನ ಚಿತ್ರವನ್ನೂ ಬರೆಸಿದ್ದರು. ಆದರೆ ಕಿಲ್ಬರ್ನಿನ ಹಳಬರು ಅದನ್ನು ಪೂರ್‌ಹೌಸ್ ಎಂದೇ ಕರೆಯುತ್ತಿದ್ದರು. ಶಾಲೆಗೆ ಸೇರಿದ ದಿನ ನನ್ನ ವಿಳಾಸ ಕೇಳಿದ ಟೀಚರ್, ‘ಓ, ಯು ಪೂರ್ ಲವ್’ ಎಂದರು. ಮೈಸೂರಿನಲ್ಲಿ ಮೂರನೇ ಕ್ಲಾಸು ಮುಗಿಸಿ ಬಂದವಳು ನಾನು. ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ. ಏನೋ ಪ್ರೀತಿಯಿಂದ ಅಂದರು ಅಂದುಕೊಂಡು ಹಲ್ಲು ಬಿಟ್ಟು ನಕ್ಕೆ. ಆ ನಗೆ ನೆನಪಾದರೆ ನನಗೆ ಈಗಲೂ ಮೈ ಉರಿಯುತ್ತದೆ.

ಅಲ್ಲಿದ್ದವರು ಯಾರು? ಮುಚ್ಚಿಹೋದ ಮಾನಸಿಕ ಆಸ್ಪತ್ರೆಗಳಿಂದ ಹೊರಬಿದ್ದು ಎಲ್ಲಿಗೂ ಸೇರದವರು, ಕೆಲಸದಲ್ಲಿ ಬೆನ್ನು ಮುರಿದುಕೊಂಡವರು, ಗಂಡನ ಏಟು ತಾಳದೆ ಬಂದು ವಯಸ್ಸಾಗುವವರೆಗೂ ಅಲ್ಲೇ ಉಳಿದುಬಿಟ್ಟವರು. ಎಲ್ಲರಿಗೂ ಸರ್ಕಾರದ ಪೆನ್ಷನ್ ಬರುತ್ತಿತ್ತು. ಅದರ ಬಹುಪಾಲು ನೇರವಾಗಿ ಮನೆಯ ಯಜಮಾನನಿಗೆ ಹೋಗಿ, ಉಳಿದದ್ದರಲ್ಲಿ ಸಿಗರೇಟು, ಚಾಕೊಲೇಟು, ಬಸ್ಸು. ಆ ಹಣಕ್ಕೆ ಬದಲಾಗಿ ಅವರಿಗೆ ಒಂದು ಕೋಣೆ, ಮೂರು ಹೊತ್ತು ಊಟ. ಹಾಗೆಂದು ಕಾಗದದ ಮೇಲೆ ಇತ್ತು.

ಆ ಮನೆಯ ಚರಿತ್ರೆ ನನಗೆ ಗೊತ್ತಾದದ್ದು ಡೋರೀನಳಿಂದ. ಎಪ್ಪತ್ತು ದಾಟಿದ್ದಳು. ಕೂದಲನ್ನು ಗಂಡಸರಂತೆ ಕತ್ತರಿಸಿಕೊಂಡಿದ್ದಳು. ಒಗೆದು ಒಗೆದು ಅವಳ ಬೆರಳಿನ ಗಿಣ್ಣುಗಳು ಶುಂಠಿಯ ಹಾಗೆ ಉಬ್ಬಿದ್ದವು. ಮೊದಲ ದಿನ ನಾನು ಆಂಟಿ ಎಂದು ಕರೆದೆ. ‘ನಾನು ಯಾರ ಆಂಟಿಯೂ ಅಲ್ಲ, ಡೋರೀನ್ ಅನ್ನು’ ಎಂದಳು. ಅವತ್ತಿನಿಂದ ಅವಳು ನನಗೆ ಏಕವಚನ. ಅವಳು ಆಡುತ್ತಿದ್ದದ್ದು ಇಂಗ್ಲಿಷೇ. ಆದರೆ ನಾನು ಮನೆಗೆ ಓಡಿ ಅಮ್ಮನಿಗೆ ಅದನ್ನೆಲ್ಲ ಕನ್ನಡದಲ್ಲಿ ಒಪ್ಪಿಸುತ್ತಿದ್ದುದರಿಂದ ನನಗೆ ಅವಳ ಮಾತು ಇವತ್ತಿಗೂ ಕನ್ನಡದಲ್ಲೇ ಕೇಳಿಸುತ್ತದೆ. ಒಗೆಯುವ ಶೆಡ್ಡಿನ ಮೆಟ್ಟಿಲ ಮೇಲೆ, ಶಾಲೆ ಬಿಟ್ಟ ಮೇಲೆ, ಇಬ್ಬರೂ ಕೂತುಕೊಳ್ಳುತ್ತಿದ್ದೆವು. ನಾನು ಕೂತ ತಕ್ಷಣ ಅವಳು ನನ್ನ ಭುಜ ಹಿಡಿದು ತನ್ನ ಬಲಗಡೆಗೆ ಎಳೆದುಕೊಳ್ಳುತ್ತಿದ್ದಳು.

ಅವಳು ಆರು ವರ್ಷದವಳಿದ್ದಾಗ ಅಮ್ಮನ ಕೈ ಹಿಡಿದುಕೊಂಡು ಆ ಮನೆಗೆ ಬಂದಳಂತೆ. ಕೆಲಸ ಹುಡುಕಿಕೊಂಡು ಹೋದ ಅಪ್ಪ ತಿರುಗಿ ಬಂದಿರಲಿಲ್ಲ. ಆಗ ಮನೆಯನ್ನು ನಡೆಸುತ್ತಿದ್ದದ್ದು ಒಂದು ಧರ್ಮಸಂಸ್ಥೆ. ಮುಂಬಾಗಿಲು ಕಮಿಟಿಯ ಹೆಂಗಸರಿಗೆ. ಹ್ಯಾಟು ಹಾಕಿಕೊಂಡು, ಕ್ರಿಸ್‌ಮಸ್ಸಿಗೆ ಕೇಕು ಹಿಡಿದುಕೊಂಡು ಬರುವವರಿಗೆ. ಒಳಗೆ ಇರುವವರಿಗೆ ಕಲ್ಲಿದ್ದಲು ಶೆಡ್ಡಿನ ಪಕ್ಕದ ಬಾಗಿಲು. ಉಣ್ಣುವ ಮೊದಲು ಎದ್ದು ನಿಂತು ದೇವರಿಗೂ ಕಮಿಟಿಗೂ ಧನ್ಯವಾದ ಹೇಳಬೇಕು. ಮಕ್ಕಳು ಒಂದು ಕಡೆ, ತಾಯಂದಿರು ಒಂದು ಕಡೆ. ಅವಳ ಅಮ್ಮ ಹಗಲೆಲ್ಲ ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆಯುತ್ತಿದ್ದಳು. ಒಣಹಾಕಿದ ಬಟ್ಟೆಗಳ ಸಂದಿಯಿಂದ ಡೋರೀನ್ ಅವಳನ್ನು ನೋಡುತ್ತಿದ್ದಳು. ಜೊತೆಯಲ್ಲಿ ಕೂರಲು ಬಿಡುತ್ತಿದ್ದದ್ದು ಭಾನುವಾರ ಮಾತ್ರ.

ಶಾಲೆಯಲ್ಲಿ ಒಂದು ಪರೀಕ್ಷೆಯಾಯಿತಂತೆ. ಪರೀಕ್ಷೆ ಮಾಡಲು ಬಂದವನು ಅವಳ ಎಡಗಡೆ ಕೂತು ಪ್ರಶ್ನೆ ಕೇಳಿದ. ದಡಾರದಲ್ಲಿ ಅವಳ ಎಡಗಿವಿ ಹೋಗಿತ್ತು. ಅರ್ಧ ಪ್ರಶ್ನೆಗಳಿಗೆ ಅವಳು ಉತ್ತರವನ್ನೇ ಕೊಡಲಿಲ್ಲ. ಬುದ್ಧಿ ಮಂದ ಎಂದು ಬರೆದುಕೊಂಡು ಹೋದ. ಅಲ್ಲಿಗೆ ಶಾಲೆ ಮುಗಿಯಿತು, ಬಟ್ಟೆ ಒಗೆಯುವ ಕೆಲಸ ಶುರುವಾಯಿತು.

‘ನೀನು ಹೇಳಲಿಲ್ವಾ, ಕಿವಿ ಕೇಳಿಸಲ್ಲ ಅಂತ?’ ಎಂದು ನಾನು ಕೇಳಿದೆ.

‘ಹೇಳ್ದೆ. ಮನೆ ನೋಡ್ಕೊಳ್ತಿದ್ದ ಮೇಟ್ರನ್‌ಗೆ ಹೇಳ್ದೆ, ಪಾದ್ರಿಗೆ ಹೇಳ್ದೆ. ಮಂದ ಹುಡುಗಿ ಹೇಳಿದ್ದನ್ನ ಯಾರು ಕೇಳಿಸ್ಕೋತಾರೆ? ಆ ಮನೇಲಿ ಕಿವುಡರು ನಾನೊಬ್ಳೇ ಅಲ್ಲ.’

ಬೆಳಿಗ್ಗೆ ಬ್ರೆಡ್ಡು ತರುತ್ತಿದ್ದ ಹುಡುಗನೊಬ್ಬ ಅವಳನ್ನು ಮದುವೆಯಾಗುತ್ತೇನೆಂದು ಮೇಟ್ರನ್ ಬಳಿ ಕೇಳಿದನಂತೆ. ಮೇಟ್ರನ್ ಅವನಿಗೆ ಏನು ಹೇಳಿದಳೋ, ಮಾರನೆಯ ದಿನದಿಂದ ಬೇರೊಬ್ಬ ಬ್ರೆಡ್ಡು ತರತೊಡಗಿದ. ಡೋರೀನಳ ಅಮ್ಮ ಮೇಲಿನ ಕೋಣೆಯಲ್ಲಿ ತೀರಿಕೊಂಡಳು. ಧರ್ಮಸಂಸ್ಥೆಗೆ ಧರ್ಮ ಸಾಕಾಯಿತು, ಕಟ್ಟಡವನ್ನು ಮಾರಿತು. ಕೊಂಡವನು ಇನ್ನೊಬ್ಬನಿಗೆ ಮಾರಿದ. ‘ಮಾರಿದಾಗಲೆಲ್ಲ ಮೇಜು ಕುರ್ಚಿಗಳ ಜೊತೆ ನನ್ನನ್ನೂ ಮಾರಿದ್ರು’ ಎನ್ನುತ್ತಿದ್ದಳು ಡೋರೀನ್. ಎಲ್ಲರಿಗಿಂತ ಕೊನೆಗೆ ಅದನ್ನು ಕೊಂಡವರು ನಮ್ಮವರು. ಕನ್ನಡದವರು. ಡಾಕ್ಟರ್ ಅಂಕಲ್.

ಡಾಕ್ಟರ್ ಅಂಕಲ್ ಎಂದರೆ ಅಡಿಲೇಡಿನ ನಮ್ಮ ಜನಕ್ಕೆಲ್ಲ ಗೊತ್ತಿತ್ತು. ದೊಡ್ಡ ಆಸ್ಪತ್ರೆಯಲ್ಲಿ ಕೆಲಸ, ಬೆಟ್ಟದ ಕಡೆ ಬಂಗಲೆ, ಕನ್ನಡ ಸಂಘದ ಎಲ್ಲ ಹಬ್ಬಕ್ಕೂ ಮೊದಲ ಸಾಲಿನಲ್ಲಿ ಕುರ್ಚಿ. ಅಪ್ಪ ಅವರನ್ನು ಮೊದಲು ನೋಡಿದ್ದು ಒಂದು ಯುಗಾದಿಯ ದಿನ, ಶಾಲೆಯೊಂದರ ಹಾಲಿನಲ್ಲಿ, ಹೋಳಿಗೆಯ ಸಾಲಿನಲ್ಲಿ ನಿಂತಿದ್ದಾಗ. ಅಪ್ಪ ಮೈಸೂರಿನ ಕಾರ್ಖಾನೆಯೊಂದರಲ್ಲಿ ಮೆಕ್ಯಾನಿಕಲ್ ಎಂಜಿನಿಯರ್ ಆಗಿದ್ದವರು. ಇಲ್ಲಿನ ಕಾರು ಕಾರ್ಖಾನೆಗಳಿಗೆ ಜನ ಬೇಕು ಎಂದು ವೀಸಾ ಕೊಟ್ಟು ಕರೆಸಿಕೊಂಡರು. ಬಂದ ಮೇಲೆ ನೋಡಿದರೆ ಕಾರ್ಖಾನೆಗಳೇ ಬಾಗಿಲು ಹಾಕುವ ಸನ್ನಾಹದಲ್ಲಿದ್ದವು. ಎಲ್ಲಿ ಹೋದರೂ ಲೋಕಲ್ ಎಕ್ಸ್‌ಪೀರಿಯನ್ಸ್ ಇದೆಯಾ ಎಂಬ ಪ್ರಶ್ನೆ. ಕೊನೆಗೆ ಹಣ್ಣಿನ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಲು ಸೇರಿದ್ದರು. ಅದನ್ನು ಕೇಳಿ ಡಾಕ್ಟರ್ ಅಂಕಲ್ ಅಪ್ಪನ ಹೆಗಲ ಮೇಲೆ ಕೈ ಹಾಕಿದರು.

‘ನಮ್ಮೋರು ನಮ್ಮೋರಿಗೆ ಆಗ್ಲಿಲ್ಲ ಅಂದ್ರೆ ಇನ್ಯಾರ್ರೀ ಆಗ್ತಾರೆ? ಕಿಲ್ಬರ್ನಲ್ಲಿ ನಂದೊಂದು ಪ್ರಾಪರ್ಟಿ ಇದೆ. ಬಂದು ಇದ್ಬಿಡಿ. ಬಾಡಿಗೆ ಏನೂ ಬೇಡ. ನಿಮ್ಮ ಮಿಸೆಸ್ಸು ಸ್ವಲ್ಪ ಅಡುಗೆ, ಸ್ವಲ್ಪ ಮೇಲ್ವಿಚಾರಣೆ ನೋಡ್ಕೊಂಡ್ರೆ ಸಾಕು. ಮನೇಲಿ ಮಾಡೋದೇ ಅಲ್ವಾ?’

ಮನೆಯಲ್ಲಿ ಮಾಡುವುದೇ. ಅಮ್ಮ ಬೆಳಕು ಹರಿಯುವ ಮೊದಲೇ ಎದ್ದು ಎಲ್ಲರಿಗೂ ತಿಂಡಿ ಕೊಟ್ಟು, ಮಾತ್ರೆ ಕೊಟ್ಟು, ಹಾಸಿಗೆ ಬದಲಿಸಿ, ಬಚ್ಚಲು ತಿಕ್ಕಿ, ಜಗಳ ಬಿಡಿಸಿ, ಮತ್ತೆ ಮಧ್ಯಾಹ್ನದ ಅಡುಗೆಗೆ ನಿಲ್ಲುತ್ತಿದ್ದಳು. ಅವಳಿಗೆ ಕೊಡುತ್ತಿದ್ದದ್ದನ್ನು ಸಂಬಳ ಎನ್ನಲು ನನಗೆ ಬಾಯಿ ಬರುವುದಿಲ್ಲ. ಅಪ್ಪ ಮಾತ್ರ ಡಾಕ್ಟರ್ ಅಂಕಲ್ ಹೆಸರು ಬಂದಾಗಲೆಲ್ಲ ಸ್ವಲ್ಪ ಬಾಗಿದಂತೆ ನಿಲ್ಲುವುದನ್ನು ಕಲಿತರು.

ನಮಗೆ ಕೊಟ್ಟದ್ದು ಹಿಂದೆ ಮೇಟ್ರನ್ ಇರುತ್ತಿದ್ದ ಎರಡು ಕೋಣೆ. ಊಟದ ಹಾಲಿಗೆ ತೆರೆಯುವ ಒಂದು ಸಣ್ಣ ಕಿಟಕಿ ಅದರಲ್ಲಿತ್ತು, ಯಾರು ಎಷ್ಟು ತಿನ್ನುತ್ತಾರೆಂದು ಮೇಟ್ರನ್ ಕೂತಲ್ಲಿಂದಲೇ ನೋಡುವುದಕ್ಕೆ. ಅಮ್ಮ ಮೊದಲ ದಿನವೇ ಆ ಕಿಟಕಿಗೆ ತನ್ನ ಹಳೆಯ ಸೀರೆಯೊಂದನ್ನು ಮಡಿಸಿ ಮೊಳೆ ಹೊಡೆದಳು. ಔಷಧಿಯ ಬೀರುವಿನಲ್ಲಿ ದೇವರ ಪಟಗಳನ್ನಿಟ್ಟಳು. ಹೊಗೆಸೊಪ್ಪು, ಬ್ಲೀಚು, ಬೇಯಿಸಿದ ಕೋಸು, ಇವುಗಳ ವಾಸನೆಯ ನಡುವೆ ನಮ್ಮ ಕೋಣೆಯಿಂದ ಊದುಬತ್ತಿಯ ವಾಸನೆ ಬರುತ್ತಿತ್ತು. ನನ್ನ ಬಟ್ಟೆಗೂ ಆ ಎಲ್ಲ ವಾಸನೆ ಹತ್ತಿತ್ತು. ಕ್ಲಾಸಿನಲ್ಲಿ ನನ್ನ ಪಕ್ಕದ ಹುಡುಗಿ ಕುರ್ಚಿ ಸರಿಸಿಕೊಂಡಳು. ಮರುದಿನ ನಾನೇ ನನ್ನ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು ಕೂತೆ. ಈಗ ನಾನು ಕೆಲಸ ಮಾಡುವ ಬ್ರಿಸ್ಬೇನಿನ ಫೋರ್ಟಿಟ್ಯೂಡ್ ವ್ಯಾಲಿಯ ಆಫೀಸಿನಲ್ಲಿ, ಇವಳಿಗೆ ಬೇಗ ಸಿಟ್ಟು ಬರುತ್ತದೆ ಎಂದು ಜನ ಆಡಿಕೊಳ್ಳುತ್ತಾರೆ. ಬೇಗ ಬರುವುದಿಲ್ಲ. ಬಂದು ಬಹಳ ವರ್ಷವಾಯಿತು.

ನಂಜನಗೂಡಿನ ಕಡೆಯ ಶುದ್ಧ ಸಸ್ಯಾಹಾರಿ ಮನೆಯಲ್ಲಿ ಹುಟ್ಟಿದ ಅಮ್ಮ ಅಲ್ಲಿ ಸಾಸೇಜು ಕರಿಯಬೇಕಿತ್ತು. ಮೊದಲ ವಾರ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕರಿದಳು. ಆಮೇಲೆ ಬಟ್ಟೆ ಬಿಚ್ಚಿದಳು. ಅವಳ ಸಿಟ್ಟು ಮಾಂಸದ ಮೇಲಿರಲಿಲ್ಲ.

‘ತಿನ್ನೋರಿಗೆ ಅದೇ ಊಟ, ನಂಗೇನು? ಆದ್ರೆ ಇದು ಮಾಂಸಾನೂ ಅಲ್ವಲ್ರೀ, ರಟ್ಟು. ಡಾಕ್ಟ್ರು ಕಳಿಸೋ ಸಾಮಾನು ನೋಡಿದೀರಾ? ಆಲೂಗಡ್ಡೇನೂ ಪುಡಿ, ಹಾಲೂ ಪುಡಿ. ಇವ್ರು ಏನು, ಹಲ್ಲಿಲ್ದಿರೋ ಮಕ್ಕಳಾ?’

‘ಇರೋದ್ರಲ್ಲಿ ಮಾಡು ಸುಮಿತ್ರಾ. ಅವ್ರು ನಮ್ಗೆ ಮಾಡಿರೋ ಉಪಕಾರ ಮರೀಬೇಡ.’

ಅಮ್ಮ ಇರುವುದರಲ್ಲಿ ಮಾಡಲಿಲ್ಲ. ನಮಗೆಂದು ತಂದ ಅಕ್ಕಿಯಲ್ಲಿ ಒಂದು ದಿನ ಎಲ್ಲರಿಗೂ ಚಿತ್ರಾನ್ನ ಮಾಡಿದಳು. ಎಲ್ಲರೂ ಕಣ್ಣೀರಿಟ್ಟು ತಿಂದರು ಎಂದು ಬರೆಯುವುದು ಸುಲಭ. ಹಾಗಾಗಲಿಲ್ಲ. ಒಬ್ಬಾಕೆ ಸಾಸಿವೆಯನ್ನು ಹುಳ ಎಂದುಕೊಂಡು ಕಿರುಚಿದಳು. ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ಶ್ವಾಸಕೋಶ ಹಾಳು ಮಾಡಿಕೊಂಡಿದ್ದ ಟೆರಿ, ‘ಬಣ್ಣ ಹಚ್ಚಿದ ಅನ್ನ ನಾನು ತಿನ್ನಲ್ಲ’ ಎಂದು ತಟ್ಟೆಯನ್ನು ನೂಕಿದ. ಅಮ್ಮ ತಟ್ಟೆಯನ್ನು ಅವನ ಮುಂದಕ್ಕೆ ಅದೇ ರಭಸದಲ್ಲಿ ತಿರುಗಿ ನೂಕಿದಳು. ತನ್ನ ಮುರುಕು ಇಂಗ್ಲಿಷಿನಲ್ಲಿ, ‘ನೋ ಈಟ್, ನೋ ಶೌಟ್’ ಎಂದಳು. ಟೆರಿ ತಿನ್ನಲಿಲ್ಲ, ಕೂಗಲೂ ಇಲ್ಲ. ಮರುವಾರ ಆಲೂಗಡ್ಡೆ ಪಲ್ಯ ಮಾಡಿದಾಗ ಮಾತ್ರ ಎರಡು ಸಲ ಹಾಕಿಸಿಕೊಂಡು, ಖಾರಕ್ಕೆ ಮೂಗು ಸೊರಸೊರ ಎನ್ನಿಸುತ್ತ, ‘ಅಯ್ಯೋ, ಹೆಣ್ಣೇ, ಕೊಂದೆ ನನ್ನ’ ಎಂದು ಬೈಯುತ್ತ ತಿಂದ. ಅವತ್ತಿನಿಂದ ಇಬ್ಬರೂ ದಿನಾ ಬೈದಾಡಿಕೊಳ್ಳುತ್ತಿದ್ದರು. ಅದು ಅವರ ಸ್ನೇಹ.

ಡೋರೀನಳ ಕಿವಿಯ ವಿಷಯ ನಾನು ಅಮ್ಮನಿಗೆ ಹೇಳಿದ್ದು ಆ ದಿನಗಳಲ್ಲೇ. ಹುಳಿಗೆ ತರಕಾರಿ ಹೆಚ್ಚುತ್ತಿದ್ದ ಅಮ್ಮ ಚಾಕು ಕೆಳಗಿಟ್ಟಳು.

‘ಒಂದು ಕಿವಿ ಕೇಳ್ಸಲ್ಲ, ಅಷ್ಟೇನಾ? ಅಷ್ಟಕ್ಕೆ ಜೀವಮಾನ ಪೂರ್ತಿ ಬಟ್ಟೆ ಒಗೆಸಿದ್ರಾ?’

ಅವತ್ತು ಡಾಕ್ಟರ್ ಅಂಕಲ್ ಬರುವ ದಿನ. ತಿಂಗಳಿಗೊಮ್ಮೆ ಬಂದು, ಕಾರಿನ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತ ಒಂದು ಸುತ್ತು ಹಾಕಿ ಹೋಗುತ್ತಿದ್ದರು. ಅಮ್ಮ ಅವರನ್ನು ಬಾಗಿಲಲ್ಲೇ ನಿಲ್ಲಿಸಿ ವಿಷಯ ಹೇಳಿದಳು. ಕಿವಿಗೆ ಮಿಷನ್ ಹಾಕಿಸಲು ಬರೆದುಕೊಡಿ ಎಂದಳು. ಅವರು ನಕ್ಕರು.

‘ಸುಮಿತ್ರಾ ಅವ್ರೇ, ಅದು ನನ್ನ ಫೀಲ್ಡ್ ಅಲ್ಲ. ಅಲ್ದೆ ನಾನಿಲ್ಲಿ ಓನರ್ ಅಷ್ಟೇ, ಇವ್ರ ಡಾಕ್ಟ್ರಲ್ಲ. ಈ ವಯಸ್ಸಲ್ಲಿ ಅವ್ಳು ಕೇಳಿಸ್ಕೊಂಡು ಏನ್ಮಾಡ್ಬೇಕು ಹೇಳಿ?’

ಅಮ್ಮ ಆಮೇಲೆ ತಾನೇ ಡೋರೀನಳನ್ನು ಬಸ್ಸಿನಲ್ಲಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಎಡಗಿವಿಗೆ ಇನ್ನು ಏನೂ ಮಾಡಲಾಗುವುದಿಲ್ಲ, ವಯಸ್ಸಿಗೆ ಮಂದವಾಗಿರುವ ಬಲಗಿವಿಗೆ ಮಿಷನ್ ಹಾಕಿದರೆ ಚೆನ್ನಾಗಿ ಕೇಳಿಸುತ್ತದೆ ಎಂದರು. ಮಿಷನ್ ಹಾಕಿಕೊಂಡು ಬಂದ ಡೋರೀನ್ ಮೊದಲು ಮಾಡಿದ ಕೆಲಸವೆಂದರೆ ಟೆರಿಯ ರೇಡಿಯೊ ಆರಿಸಿದ್ದು. ‘ಇಷ್ಟು ದಿನ ಇದು ಇಷ್ಟು ಕೆಟ್ಟದಾಗಿ ಕಿರುಚ್ತಿತ್ತಾ?’ ಎಂದಳು.

ಮುಂದಿನ ಚಳಿಗಾಲದಲ್ಲಿ ಊಟದ ಹಾಲಿನ ಹೀಟರ್ ಕೆಟ್ಟಿತು. ಹಳೆಯ ಗ್ಯಾಸ್ ಹೀಟರು, ಇಡೀ ಕಟ್ಟಡಕ್ಕೆ ಬೆಚ್ಚಗಿದ್ದದ್ದು ಅದೊಂದೇ ಜಾಗ. ಅಮ್ಮ ಡಾಕ್ಟರ್ ಅಂಕಲ್‌ಗೆ ಫೋನ್ ಮಾಡಿದಳು. ನೋಡೋಣ ಎಂದರು. ಮತ್ತೆ ಮಾಡಿದಳು. ಜನ ಸಿಗುತ್ತಿಲ್ಲ ಎಂದರು. ಇನ್ನೊಮ್ಮೆ ಮಾಡಿದಾಗ, ಎಲ್ಲರಿಗೂ ಇನ್ನೊಂದು ಸ್ವೆಟರ್ ಹಾಕಿಕೊಳ್ಳಲು ಹೇಳಿ ಎಂದರು. ಅಮ್ಮ ಅಡುಗೆಮನೆಯ ಓವನ್ ಬಾಗಿಲು ತೆರೆದಿಟ್ಟು, ನಡೆಯಲಾಗುವವರನ್ನೆಲ್ಲ ಅಲ್ಲೇ ಕೂರಿಸಿದಳು. ಸಿಂಕಿನ ಪಕ್ಕ, ಅಕ್ಕಿ ಮೂಟೆಯ ಮೇಲೆ, ಎಲ್ಲೆಂದರಲ್ಲಿ ಜನ. ನಾನು ಹೋಮ್‌ವರ್ಕ್ ಮಾಡುತ್ತಿದ್ದದ್ದು ಅವರ ಮೊಣಕಾಲುಗಳ ನಡುವೆ. ಅಪ್ಪನಿಗೆ ಇದನ್ನು ಸಹಿಸಲಾಗಲಿಲ್ಲ.

‘ಗ್ಯಾಸ್ ಬಿಲ್ ನೋಡಿದ್ರೆ ಡಾಕ್ಟ್ರು ಏನಂತಾರೆ?’

‘ಅನ್ಲಿ. ನಾನೂ ಅಂತೀನಿ.’

‘ನೀನು ಅಂದ್ಬಿಟ್ಟು ಕೂತ್ಕೋತೀಯ. ಬೀದಿಗೆ ಬಿದ್ರೆ? ಮಗು ಓದು? ನಾನು ಗೋದಾಮಲ್ಲಿ ಯಾರ್ಯಾರ ಕೈಲಿ ಏನೇನು ಅನ್ನಿಸ್ಕೋತೀನಿ ನಿಂಗೊತ್ತಾ?’

‘ಗೊತ್ತು. ಅಲ್ಲಿ ಅನ್ನಿಸ್ಕೊಂಡು ಬಂದಿದ್ದನ್ನ ಇಲ್ಲಿ ಯಾರ್ಗೂ ಅನ್ನಕ್ಕಾಗ್ದೆ ನನ್ಗೆ ಅಂತೀರಾ.’

ಅಪ್ಪ ಕೈಲಿದ್ದ ಲೋಟವನ್ನು ಗೋಡೆಗೆ ಎಸೆದರು. ಸ್ಟೀಲಿನ ಲೋಟ, ಒಡೆಯಲಿಲ್ಲ. ಉರುಳಿಕೊಂಡು ಹೋಗಿ ಬೀರುವಿನ ಕೆಳಗೆ ಸೇರಿತು. ಮೂವರೂ ಅದು ನಿಲ್ಲುವವರೆಗೆ ನೋಡಿದೆವು. ಅಪ್ಪ ಕೆಟ್ಟವರಾಗಿರಲಿಲ್ಲ. ಉಪಕಾರ ಎಂಬ ಒಂದೇ ಪದ ಸಾಕು, ಒಳ್ಳೆಯ ಮನುಷ್ಯನೊಬ್ಬನನ್ನು ಹೆದರುಪುಕ್ಕಲನನ್ನಾಗಿ ಮಾಡಲು. ಅದನ್ನು ನಾನು ಕಣ್ಣಾರೆ ಕಂಡೆ.

ಟೆರಿಗೆ ಮೊದಲು ಕೆಮ್ಮು, ಆಮೇಲೆ ಜ್ವರ, ಆಮೇಲೆ ನ್ಯುಮೋನಿಯಾ. ಆಂಬುಲೆನ್ಸ್ ಬಂತು. ಸ್ಟ್ರೆಚರ್ ಮೇಲೆ ಮಲಗಿಕೊಂಡೇ, ‘ನಾನು ಬರೋವರೆಗೆ ಪಲ್ಯ ಮಾಡ್ಬೇಡ’ ಎಂದು ಅಮ್ಮನಿಗೆ ತಾಕೀತು ಮಾಡಿ ಹೋದ. ಅವನು ಬರಲಿಲ್ಲ. ಚಳಿಯಿಂದಲೇ ಸತ್ತ ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ; ಅವನ ಶ್ವಾಸಕೋಶ ಮೊದಲೇ ಹೋಗಿತ್ತು. ಆದರೆ ಅವನ ಕೋಣೆಯ ಗೋಡೆಯ ಮೇಲೆ ಒಳಗಿನಿಂದ ನೀರು ಜಿನುಗುತ್ತಿದ್ದದ್ದನ್ನು ನಾನು ಮುಟ್ಟಿ ನೋಡಿದ್ದೆ. ಅವನ ಸಾಮಾನನ್ನು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ ಹೊರಗಿಟ್ಟರು. ಡಾಕ್ಟರ್ ಅಂಕಲ್ ಫೋನಿನಲ್ಲಿ ಕೇಳಿದ್ದು, ಆ ಕೋಣೆ ಯಾವಾಗ ಖಾಲಿಯಾಗುತ್ತದೆ ಎಂದು.

ದೀಪಾವಳಿ ಬಂತು. ಡಾಕ್ಟರ್ ಅಂಕಲ್ ಹೆಂಡತಿ ರೇವತಿ ಆಂಟಿ ಸಂಘದಲ್ಲಿ ಒಂದು ಸಲಹೆ ಕೊಟ್ಟಿದ್ದರಂತೆ: ಈ ಸಲ ಹಬ್ಬಕ್ಕೆ ಸೇವೆ ಮಾಡೋಣ, ಕಿಲ್ಬರ್ನಿನ ಅನಾಥರಿಗೆ ಊಟ ಹಾಕೋಣ. ಅನಾಥರು! ಆಂಟಿ ಹಿಂದಿನ ದಿನ ಬಂದು ಹಾಲಿನಲ್ಲಿ ಬ್ಯಾನರ್ ಕಟ್ಟಿಸಿದರು. ಮುಂಬಾಗಿಲನ್ನು ಒರೆಸಿ ಮಾವಿನೆಲೆಯ ಪ್ಲಾಸ್ಟಿಕ್ ತೋರಣ ಹಾಕಿಸಿದರು. ಅಮ್ಮನ ಕೈ ಹಿಡಿದು ಪ್ರೀತಿಯಿಂದಲೇ ಹೇಳಿದರು.

‘ಸುಮಿತ್ರಾ, ನಾಳೆ ಆ ಏಪ್ರನ್ ಬೇಡಮ್ಮ. ಒಂದು ರೇಷ್ಮೆ ಸೀರೆ ಉಟ್ಕೊಂಡು ನಮ್ಮ ಜೊತೆ ಬಡ್ಸೋಕೆ ನಿಂತ್ಕೊ. ನೀನೂ ನಮ್ಮೋಳೇ ಅಲ್ವಾ?’

ಅಮ್ಮ ಕೈ ಬಿಡಿಸಿಕೊಂಡು ಒಲೆಯ ಕಡೆ ಹೋದಳು.

ಮರುದಿನ ಮಧ್ಯಾಹ್ನ ಕಾರುಗಳು ಸಾಲಾಗಿ ಬಂದು ನಿಂತವು. ರೇಷ್ಮೆ ಸೀರೆ, ಕುರ್ತಾ, ಮಕ್ಕಳು, ಪಲಾವಿನ ದೊಡ್ಡ ಟ್ರೇಗಳು. ಮನೆಯವರನ್ನೆಲ್ಲ ಆಗಲೇ ಮೇಜುಗಳ ಮುಂದೆ ಕೂರಿಸಿ ಆಗಿತ್ತು. ಡೋರೀನ್ ಬಾಗಿಲ ಕಡೆ ನೋಡಿ, ನನಗೆ ಕೇಳುವಷ್ಟು ಮೆಲ್ಲಗೆ, ‘ಅದೇ ಹೆಂಗಸರು. ಹ್ಯಾಟಿಲ್ಲ ಅಷ್ಟೇ’ ಎಂದಳು. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನೀರಿನ ಜಗ್ ಹಿಡಿದು ಬಡಿಸುವವರ ಸಾಲಿನಲ್ಲಿ ನಿಂತಿದ್ದರು. ಅಮ್ಮ ಅಡುಗೆಮನೆಯಿಂದ ಬಂದಳು. ದಿನದ ಅದೇ ಚೂಡಿದಾರ್, ಅದೇ ಏಪ್ರನ್. ಬಡಿಸುವವರನ್ನು ದಾಟಿ ನೇರವಾಗಿ ಹೋಗಿ ಡೋರೀನಳ ಬಲಗಡೆ, ಟೆರಿ ಕೂರುತ್ತಿದ್ದ ಕುರ್ಚಿಯಲ್ಲಿ ಕೂತಳು. ನಾನು ಎದ್ದು ಹೋಗಿ ಅಮ್ಮನ ಪಕ್ಕ ಕೂತೆ. ಅಪ್ಪ ಕಣ್ಣಲ್ಲೇ ಏಳು ಏಳು ಎಂದು ಸನ್ನೆ ಮಾಡಿದರು.

ಡಾಕ್ಟರ್ ಅಂಕಲ್ ಮೈಕಿಲ್ಲದಿದ್ದರೂ ಮೈಕಿನ ಮುಂದೆ ಮಾತಾಡುವವರಂತೆ ಕನ್ನಡದಲ್ಲಿ ಭಾಷಣ ಶುರು ಮಾಡಿದರು. ಅನ್ನದಾನ ಮಹಾದಾನ, ಈ ದೇಶದಲ್ಲಿ ಹಿರಿಯರನ್ನು ಹೀಗೆ ಕೈಬಿಡುತ್ತಾರೆ, ನಮ್ಮ ಸಂಸ್ಕೃತಿಯೇ ಬೇರೆ, ಯಾರೂ ಇಲ್ಲದ ಈ ನತದೃಷ್ಟರಿಗೆ ಒಂದು ದಿನವಾದರೂ ಹೊಟ್ಟೆ ತುಂಬ ಊಟ ಹಾಕುವ ಭಾಗ್ಯ ನಮಗೆ ಸಿಕ್ಕಿದೆ. ಡೋರೀನ್ ಅಮ್ಮನ ಕಡೆ ಬಾಗಿ, ಅವನೇನು ಹೇಳುತ್ತಿದ್ದಾನೆ ಎಂದು ಕೇಳಿದಳು. ಅಮ್ಮ ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದಳು. ಡೋರೀನ್ ಒಂದು ವಾಕ್ಯ ಹೇಳಿದಳು. ಅಮ್ಮ ಎದ್ದು ನಿಂತಳು.

‘ಡಾಕ್ಟ್ರೇ, ಒಂದ್ನಿಮಿಷ. ಡೋರೀನ್ ಏನೋ ಹೇಳ್ತಿದಾಳೆ. ನನ್ನ ಊಟಕ್ಕೆ ನಾನು ದುಡ್ಡು ಕೊಟ್ಟಿದೀನಿ ಅಂತಿದಾಳೆ.’

ಯಾರೋ ನಕ್ಕರು. ಅಮ್ಮ ನಗಲಿಲ್ಲ.

‘ನಿಜಾನೇ ಹೇಳ್ತಿದಾಳೆ. ಇಲ್ಲಿ ಕೂತಿರೋ ಒಬ್ಬೊಬ್ರ ಪೆನ್ಷನ್ನೂ ನಿಮ್ಮ ಅಕೌಂಟಿಗೇ ಬರೋದು. ನೀವು ಇವತ್ತು ಇವ್ರಿಗೆ ಊಟ ಹಾಕ್ತಿಲ್ಲ ಡಾಕ್ಟ್ರೇ. ಇಷ್ಟು ವರ್ಷದಿಂದ ಇವ್ರು ನಿಮ್ಗೆ ಹಾಕ್ತಿದಾರೆ. ನಾನು ಕೂತಿರೋ ಕುರ್ಚಿ ಟೆರೀದು. ಹೀಟರ್ ಸರಿ ಮಾಡ್ಸಿ ಅಂತ ನಿಮ್ಮನ್ನ ಕೇಳಿ ಕೇಳಿ ನನ್ನ ಬಾಯಿ ಒಣಗಿತ್ತು. ಸ್ವೆಟರ್ ಹಾಕ್ಕೊಳ್ಳಿ ಅಂದ್ರಿ. ಅವ್ನು ಹಾಕ್ಕೊಂಡೇ ಹೋದ.’

ಬಡಿಸಲು ನಿಂತಿದ್ದ ಪುಟ್ಟ ಹುಡುಗಿಯೊಬ್ಬಳು, ‘ಮಮ್, ವೈ ಈಸ್ ದಟ್ ಆಂಟಿ ಶೌಟಿಂಗ್?’ ಎಂದು ಕೇಳಿ ಏಟು ತಿಂದಳು. ಡಾಕ್ಟರ್ ಅಂಕಲ್ ಮುಖದಲ್ಲಿ ನಗು ಹಾಗೇ ಉಳಿದುಕೊಂಡಿತ್ತು, ತೆಗೆಯಲು ಮರೆತವರಂತೆ. ಕೊನೆಗೆ ಒಬ್ಬರು ಹಿರಿಯರು, ‘ಪಲಾವ್ ಆರ್ತಾ ಇದೆ, ಬಡ್ಸಿ ಬಡ್ಸಿ’ ಎಂದರು. ಬಡಿಸಿದರು. ಮನೆಯವರು ತಿಂದರು, ಹಸಿವಾಗಿತ್ತು, ಪಲಾವ್ ಚೆನ್ನಾಗಿತ್ತು. ಯಾರೂ ಫೋಟೊ ತೆಗೆಯಲಿಲ್ಲ.

ಅಪ್ಪ ಅವತ್ತೇ ಸಂಜೆ ಬೆಟ್ಟದ ಬಂಗಲೆಗೆ ಹೋಗಿ ಕ್ಷಮೆ ಕೇಳಿ ಬಂದರು. ಅಮ್ಮನನ್ನೂ ಕರೆದರು. ಅವಳು ಪಾತ್ರೆ ತೊಳೆಯುತ್ತಿದ್ದವಳು ತಿರುಗಿ ಕೂಡ ನೋಡಲಿಲ್ಲ. ಕ್ಷಮೆಯಿಂದ ಪ್ರಯೋಜನವಾಗಲಿಲ್ಲ. ನಾವು ಮನೆ ಬಿಡಬೇಕು ಎಂದರಂತೆ ಡಾಕ್ಟರ್ ಅಂಕಲ್. ಅಷ್ಟೇ ಅಲ್ಲ, ಮನೆಯೇ ಮುಚ್ಚುತ್ತದೆ ಎಂದರು. ಜಾಗವನ್ನು ಟೌನ್‌ಹೌಸ್ ಎಂಬ ಸಾಲುಮನೆಗಳನ್ನು ಕಟ್ಟುವವರ ಜೊತೆ ಸೇರಿ ಅಭಿವೃದ್ಧಿ ಮಾಡುವ ಮಾತುಕತೆ ಬಹಳ ಹಿಂದೆಯೇ ಮುಗಿದಿತ್ತಂತೆ. ಹೀಟರ್ ಏಕೆ ರಿಪೇರಿಯಾಗಲಿಲ್ಲ ಎಂದು ಅಮ್ಮನಿಗೆ ಆಗ ಅರ್ಥವಾಯಿತು. ಕೆಡವುವ ಮನೆಗೆ ಯಾರಾದರೂ ಹೀಟರ್ ಹಾಕಿಸುತ್ತಾರೆಯೇ? ಸಂಘದ ಕೆಲವು ಆಂಟಿಯರು ಅಮ್ಮನಿಗೆ ಗುಟ್ಟಾಗಿ ಫೋನ್ ಮಾಡಿದರು. ಒಬ್ಬರ ಮಾತು ನನಗೆ ಚೆನ್ನಾಗಿ ನೆನಪಿದೆ. ಅಮ್ಮ ಫೋನನ್ನು ಸ್ಪೀಕರಿನಲ್ಲಿಟ್ಟು ಚಪಾತಿ ಲಟ್ಟಿಸುತ್ತಿದ್ದಳು.

‘ನೀವು ಹೇಳಿದ್ದು ಸರೀನೇ ಸುಮಿತ್ರಾ. ಆದ್ರೆ ಎಲ್ರ ಮುಂದೆ ಹೇಳ್ಬಾರ್ದಿತ್ತು.’

‘ಅವ್ರು ಊಟ ಹಾಕೋಕೆ ಬಂದಿದ್ದೂ ಎಲ್ರನ್ನೂ ಕರ್ಕೊಂಡೇ ಅಲ್ವಾ?’ ಎಂದಳು ಅಮ್ಮ.

ಮುಂದಿನ ವರ್ಷದ ರಾಜ್ಯೋತ್ಸವದಲ್ಲಿ ಡಾಕ್ಟರ್ ಅಂಕಲ್‌ಗೆ ಸಮಾಜಸೇವೆಗಾಗಿ ಪೇಟ ತೊಡಿಸಿ ಶಾಲು ಹೊದಿಸಿದರು. ಫೋನ್ ಮಾಡಿದ್ದ ಆಂಟಿಯೇ ನಿರೂಪಣೆ ಮಾಡಿದರಂತೆ.

ಮನೆಯವರನ್ನು ಒಬ್ಬೊಬ್ಬರನ್ನಾಗಿ ವ್ಯಾನುಗಳು ಬಂದು ಕರೆದುಕೊಂಡು ಹೋದವು. ಇಪ್ಪತ್ತು ವರ್ಷ ಅಕ್ಕಪಕ್ಕದ ಕೋಣೆಗಳಲ್ಲಿದ್ದ ಇಬ್ಬರು ಹೆಂಗಸರಲ್ಲಿ ಒಬ್ಬಳನ್ನು ಊರಿನ ಈ ತುದಿಗೆ, ಇನ್ನೊಬ್ಬಳನ್ನು ಆ ತುದಿಗೆ. ಎಲ್ಲಿ ಜಾಗವಿತ್ತೋ ಅಲ್ಲಿಗೆ. ನಿಮಗೆ ಎಲ್ಲಿ ಹೋಗಬೇಕು ಎಂದು ಯಾರನ್ನೂ ಯಾರೂ ಕೇಳಲಿಲ್ಲ. ಡೋರೀನಳನ್ನು ದೂರದ ಒಂದು ವೃದ್ಧಾಶ್ರಮಕ್ಕೆ ಹಾಕಿದರು. ನಾವು ಎರಡು ಕೋಣೆಯ ಬಾಡಿಗೆ ಮನೆಗೆ ಹೋದೆವು. ಅಮ್ಮ ಹೋಟೆಲೊಂದರ ಅಡುಗೆಮನೆಗೆ ಸೇರಿದಳು, ಭಾನುವಾರಗಳಂದು ನನ್ನನ್ನೂ ಕರೆದುಕೊಂಡು ಬಸ್ಸು ಬದಲಿಸಿ ಬದಲಿಸಿ ಡೋರೀನಳನ್ನು ನೋಡಲು ಹೋಗುತ್ತಿದ್ದಳು. ಅಪ್ಪ ಬಹಳ ಕಾಲ ಅಮ್ಮನ ಜೊತೆ ಬೇಕಾದಷ್ಟೇ ಮಾತಾಡಿದರು. ಕೊನೆಗೆ ಅಪ್ಪನಿಗೆ ಬ್ರಿಸ್ಬೇನಿನಲ್ಲಿ, ನಾರ್ತ್ ಲೇಕ್ಸ್ ಹತ್ತಿರ, ಓದಿದ ಓದಿಗೆ ತಕ್ಕ ಕೆಲಸ ಸಿಕ್ಕಿತು. ಯಾರ ಶಿಫಾರಸೂ ಇಲ್ಲದೆ ಸಿಕ್ಕಿತು. ಆ ಪತ್ರ ಬಂದ ದಿನ ಅವರು ಅಡುಗೆಮನೆಗೆ ಬಂದು ಅಮ್ಮನ ಪಕ್ಕ ನಿಂತುಕೊಂಡರು. ಅಮ್ಮ ಅವರ ಕೈಗೆ ಈರುಳ್ಳಿ ಕೊಟ್ಟಳು. ಹೆಚ್ಚಿದರು.

ಅಡಿಲೇಡ್ ಬಿಡುವ ಮೊದಲಿನ ಭಾನುವಾರ ಅಪ್ಪನೇ ಕಾರು ತೆಗೆದರು. ಡೋರೀನ್ ಕಿಲ್ಬರ್ನಿಗೆ ಹೋಗಬೇಕು ಎಂದಳು. ಅಲ್ಲಿ ಮನೆ ಇರಲಿಲ್ಲ. ತಂತಿ ಬೇಲಿ, ಬೇಲಿಯ ಆಚೆ ಸಮ ಮಾಡಿದ ಕೆಂಪು ಮಣ್ಣು, ಮೂಲೆಯಲ್ಲಿ ಇಟ್ಟಿಗೆ ಚೂರುಗಳ ಗುಡ್ಡೆ. ನಡುವೆ ಎತ್ತರದ ಒಂದು ಫಲಕ. ಅದರ ಮೇಲೆ ನಗುತ್ತಿರುವ ಗಂಡ ಹೆಂಡತಿ ಮಗು, ಹೊಸ ಮನೆಗಳ ಚಿತ್ರ. ನಾನು ಊಟದ ಹಾಲ್ ಎಲ್ಲಿತ್ತು, ಅಡುಗೆಮನೆ ಎಲ್ಲಿತ್ತು ಎಂದು ಹುಡುಕಿ ಹುಡುಕಿ ಕೊನೆಗೆ ಅಳತೊಡಗಿದೆ. ಅವರು ನಮ್ಮ ಮನೆ ಕೆಡವಿಬಿಟ್ಟರು ಎಂದೆ. ಡೋರೀನ್ ನನ್ನ ಭುಜ ಹಿಡಿದು ತನ್ನ ಬಲಗಡೆಗೆ ಎಳೆದುಕೊಂಡಳು.

‘ಕೆಡವಿದ್ದಕ್ಕೆ ಅಳ್ಬೇಡ. ಕೆಡವಿದ್ದಕ್ಕೆ ನಂಗೆ ಸಿಟ್ಟಿಲ್ಲ. ನಾನು ಹುಡುಗಿಯಾಗಿದ್ದಾಗ್ಲೇ ಕೆಡವ್ಬೇಕಿತ್ತು. ನಮ್ಮಮ್ಮ ಬದುಕಿದ್ದಾಗ್ಲೇ.’

ಸ್ವಲ್ಪ ಹೊತ್ತು ಆ ಫಲಕದ ಮೇಲಿನ ಮುಖಗಳನ್ನೇ ನೋಡಿದಳು. ಆಮೇಲೆ ಕಷ್ಟಪಟ್ಟು ಬಗ್ಗಿ, ಬೇಲಿಯ ಬುಡದಿಂದ ಇಟ್ಟಿಗೆಯ ಒಂದು ಚೂರನ್ನು ಎತ್ತಿಕೊಂಡಳು. ಕೈಯಲ್ಲಿ ತೂಗಿ ನೋಡಿದಳು. ಬೆರಳುಗಳು ಪೂರ್ತಿ ಮಡಚಲಿಲ್ಲ.

‘ನನ್ನ ಕೈಲಿ ಅಷ್ಟು ದೂರ ಆಗಲ್ಲ. ನೀನು ಎಸಿ.’

ನಾನು ಅಮ್ಮನ ಮುಖ ನೋಡಿದೆ. ಬಸ್ಸಿನಲ್ಲಿ ಜೋರಾಗಿ ಮಾತಾಡಿದರೆ ತೊಡೆ ಚಿವುಟುತ್ತಿದ್ದ ಅಮ್ಮ ಅವಳು.

‘ಎಸಿಯೇ’ ಎಂದಳು.

ಕಾರಿನೊಳಗೆ ಕೂತಿದ್ದ ಅಪ್ಪ ಗಾಜು ಇಳಿಸಿದರು. ಬೈಯುತ್ತಾರೆ ಅಂದುಕೊಂಡೆ. ತಲೆ ಹೊರಗೆ ಹಾಕಿ ಫಲಕದ ಕಡೆ ನೋಡಿದರು. ನಾನು ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಎಸೆದೆ. ಇಟ್ಟಿಗೆ ಬೇಲಿ ದಾಟಿತು, ಫಲಕಕ್ಕೆ ತಗುಲಲಿಲ್ಲ, ಅದರಾಚೆ ಮೆತ್ತನೆಯ ಮಣ್ಣಿನಲ್ಲಿ ಸದ್ದಿಲ್ಲದೆ ಬಿತ್ತು.

‘ಇನ್ನೊಂದು’ ಎಂದಳು ಡೋರೀನ್. ಅಮ್ಮ ಆಗಲೇ ಬಗ್ಗಿ ಹುಡುಕುತ್ತಿದ್ದಳು.